ಹುಳುಮನೆ ಬಾಗಿಲಿನ ಬ್ಲೀಚಿಂಗ್ ನೀರು

ಮೊದಲು ಕಕ್ಕಸಿನ ವಿಷಯ ಹೇಳಿಬಿಡುತ್ತೇನೆ. ಅದನ್ನು ಬಿಟ್ಟು ನನ್ನ ಕಾಯಿಲೆಯ ಕಥೆ ಹೇಳಲು ಬರುವುದಿಲ್ಲ. ಮುಜುಗರ ಪಡುವವರು ಇಲ್ಲಿಂದಲೇ ಎದ್ದು ಹೋದರೂ ನನಗೆ ಬೇಜಾರಿಲ್ಲ. ಸಕ್ಕರೆ ಕಾಯಿಲೆಯವರು ಮದುವೆ ಊಟದ ಪಂಕ್ತಿಯಲ್ಲೇ ಜೋರಾಗಿ ಹೇಳಿಕೊಳ್ಳುತ್ತಾರೆ, ಮಂಡಿ ನೋವಿನವರು ಬಸ್ಸಿನಲ್ಲಿ ಸೀಟು ಕೇಳಿ ಪಡೆಯುತ್ತಾರೆ. ದಿನಕ್ಕೆ ಹತ್ತಾರು ಸಲ ಹಿತ್ತಲಿಗೆ ಓಡುವವಳು ಯಾರಿಗೆ ಏನೆಂದು ಹೇಳಬೇಕು? ನಾನಂತೂ ಬಹಳ ದಿನ ಯಾರಿಗೂ ಹೇಳಲಿಲ್ಲ.

ನನ್ನ ಹೆಸರು ಮಂಜುಳ. ಮುಳಬಾಗಿಲು ತಾಲ್ಲೂಕಿನಲ್ಲಿ, ಆವನಿ ಬೆಟ್ಟ ಕಾಣುವಷ್ಟು ದೂರದಲ್ಲಿ ನಮ್ಮ ಊರು. ತವರು ಗೌನಿಪಲ್ಲಿ ಕಡೆ. ಮನೆಯಲ್ಲಿ ಗಂಡ ನಾರಾಯಣಸ್ವಾಮಿ, ಅತ್ತೆ, ಮಗಳು ಚೈತ್ರ ಮತ್ತು ನಾನು. ಅಲ್ಲದೆ ವರ್ಷದಲ್ಲಿ ಹೆಚ್ಚು ದಿನ ರೇಷ್ಮೆ ಹುಳುಗಳು. ಮನೆಯ ಪಕ್ಕದಲ್ಲೇ ಹುಳುಮನೆ. ಹಿಪ್ಪುನೇರಳೆ ಸೊಪ್ಪು ಕೊಯ್ಯುವುದು, ಹೊರುವುದು ಗಂಡನ ಕೆಲಸ, ಹುಳು ನೋಡಿಕೊಳ್ಳುವುದು ನನ್ನದು. ಮದುವೆಯಾಗಿ ಬಂದ ಹೊಸದರಲ್ಲೇ ಅತ್ತೆ ನನ್ನ ಕೈ ಹಿಡಿದು ನೋಡಿ, 'ಹುಳಕ್ಕೆ ಆಗೋ ಕೈ ಕಣೇ ಇದು' ಎಂದಿದ್ದರು. ಆ ಮಾತನ್ನು ನಾನು ಒಡವೆಗಿಂತ ಜೋಪಾನವಾಗಿ ಇಟ್ಟುಕೊಂಡಿದ್ದೆ.

ಹುಳುಮನೆಗೆ ಹಾಗೆಲ್ಲ ನುಗ್ಗುವಂತಿಲ್ಲ. ಬಾಗಿಲಲ್ಲಿ ಬ್ಲೀಚಿಂಗ್ ಪುಡಿ ಕದಡಿದ ನೀರಿನ ಬೋಗುಣಿ ಇರುತ್ತದೆ. ಕೈ ಅದ್ದಿ, ಕಾಲು ತೊಳೆದು ಒಳಗೆ ಹೋಗಬೇಕು. ಹಿತ್ತಲಿಗೆ ಹೋಗಿ ಬಂದರೆ ಸೀರೆ ಬದಲಾಯಿಸಬೇಕು. ಮುಟ್ಟಾದವರು ಆ ಕಡೆ ತಲೆ ಹಾಕುವಂತಿಲ್ಲ ಎಂಬುದು ಅತ್ತೆಯ ಕಾಲದಿಂದ ಬಂದದ್ದು. ಹುಳು ಬಹಳ ನಾಜೂಕು, ಒಂದಕ್ಕೆ ರೋಗ ಬಂದರೆ ಇಡೀ ಮನೆಗೇ ಹಬ್ಬುತ್ತದೆ. ಹಾಗಾಗಿ ಈ ಮಡಿಯನ್ನೆಲ್ಲ ನಾನು ಗೊಣಗದೆ ಪಾಲಿಸುತ್ತಿದ್ದೆ.

ಮೊದಲ ಸಲ ರಕ್ತ ಕಂಡಾಗ ಉಷ್ಣ ಎಂದುಕೊಂಡೆ. ನಮ್ಮ ಕಡೆ ಎಲ್ಲದಕ್ಕೂ ಉಷ್ಣವೇ ಕಾರಣ. ಮೆಂತ್ಯ ನೆನೆಸಿ ಕುಡಿದೆ, ಮಜ್ಜಿಗೆ ಕುಡಿದೆ, ಸಬ್ಬಕ್ಕಿ ಗಂಜಿ ಕುಡಿದೆ. ಆಮೇಲೆ ಮೂಲವ್ಯಾಧಿ ಇರಬೇಕೆಂದುಕೊಂಡು, ಪಕ್ಕದ ಮನೆಯವರಿಗೆ ಎಂದು ಸುಳ್ಳು ಹೇಳಿ ಅಮ್ಮನಿಂದ ಶ್ರೀನಿವಾಸಪುರದ ಕಡೆಯ ನಾಟಿ ಔಷಧಿ ತರಿಸಿಕೊಂಡೆ, ಅದನ್ನೂ ನುಂಗಿದೆ. ಹೊಟ್ಟೆಯನ್ನು ಯಾರೋ ಹಿಂಡಿದ ಹಾಗಾಗುತ್ತಿತ್ತು. ಬೆಳಿಗ್ಗೆ ಎದ್ದ ಕೂಡಲೇ ಓಟ, ಸೊಪ್ಪು ಹಾಕುವಾಗ ಓಟ, ಮುದ್ದೆ ತಿರುವುತ್ತಿರುವಾಗ ಒಲೆ ಬಿಟ್ಟು ಓಟ. ಪ್ರತಿ ಓಟಕ್ಕೂ ಸೀರೆ ಬದಲಾಯಿಸಿ, ಬ್ಲೀಚಿಂಗ್ ನೀರಿನಲ್ಲಿ ಕೈ ಅದ್ದಿ ಒಳಗೆ ಹೋಗುತ್ತಿದ್ದೆ. ಹಗ್ಗದ ಮೇಲೆ ಒಣಗುತ್ತಿದ್ದ ಸೀರೆಗಳನ್ನು ನೋಡಿ ಪಕ್ಕದ ಮನೆಯ ರತ್ನಮ್ಮ, 'ಏನ್ ಮಂಜುಳ, ಸೀರೆ ಅಂಗಡಿ ಇಟ್ಟಿದ್ಯಾ?' ಎಂದು ನಕ್ಕಳು. ನಾನೂ ನಕ್ಕೆ. ಅಮ್ಮ ಫೋನು ಮಾಡಿ, 'ಎಟ್ಲುಂಡಾವೇ?' ಎಂದು ಅವಳ ತೆಲುಗಿನಲ್ಲಿ ಹೇಗಿದ್ದೀಯೆಂದು ಕೇಳಿದರೆ 'ಬಾಗುಂಡಾನಮ್ಮಾ', ಚೆನ್ನಾಗಿದ್ದೀನಮ್ಮ ಎನ್ನುತ್ತಿದ್ದೆ. ಚೆನ್ನಾಗಿಲ್ಲ ಎನ್ನುವುದಕ್ಕೆ ನನಗೆ ಎರಡು ಭಾಷೆಯಲ್ಲೂ ಬಾಯಿ ಬರಲಿಲ್ಲ.

ಹುಳು ಪೊರೆ ಬಿಡಲು ಮೇವು ಬಿಟ್ಟು ಸುಮ್ಮನೆ ಕೂರುವುದಕ್ಕೆ ನಾವು ಜ್ವರ ಎನ್ನುತ್ತೇವೆ. ನಾಲ್ಕನೇ ಜ್ವರದಿಂದ ಎದ್ದ ಹುಳು ತಿನ್ನುವುದನ್ನು ನೋಡಬೇಕು, ಎಷ್ಟು ಸೊಪ್ಪು ಹಾಕಿದರೂ ಸಾಲದು. ಆ ಸಲ ಹುಳು ಜ್ವರದಿಂದ ಎದ್ದವು, ನಾನು ಮಲಗಿದೆ. ಸೊಪ್ಪಿನ ಕಟ್ಟು ಎತ್ತಲು ಬಗ್ಗಿದವಳಿಗೆ ಕಣ್ಣು ಕತ್ತಲೆ ಬಂತು. ಗಂಡ ಆಟೋದಲ್ಲಿ ಮುಳಬಾಗಿಲಿಗೆ ಒಯ್ದರು, ಅಲ್ಲಿಯವರು ಕೋಲಾರಕ್ಕೆ ಕಳಿಸಿದರು. ಅಲ್ಲಿ ನನ್ನ ಜೊತೆ ಇರಲು ಅಮ್ಮ ಬಂದಳು, ಗಂಡ ಹುಳು ನೋಡಲು ಊರಿಗೆ ಮರಳಿದರು. ಹೊರಗೆ ಮಳೆ ಹಿಡಿದುಕೊಂಡಿತ್ತು.

ಕೋಲಾರದಲ್ಲಿ ಕ್ಯಾಮೆರಾ ಟೆಸ್ಟು ಮಾಡಿದರು. ಅದಕ್ಕೂ ಮೊದಲು ಹೊಟ್ಟೆ ಖಾಲಿ ಮಾಡಲು ಕುಡಿಸುವ ಆ ನೀರಿನ ಬಗ್ಗೆ ಏನೂ ಹೇಳುವುದಿಲ್ಲ, ಕುಡಿದವರಿಗೆ ಗೊತ್ತು, ಕುಡಿಯದವರು ಪುಣ್ಯವಂತರು. ಹೊಟ್ಟೆ ಡಾಕ್ಟರು ಫೋಟೋ ತೋರಿಸಿದರು. ದೊಡ್ಡ ಕರುಳಿನ ಒಳಗೆಲ್ಲ ಕೆಂಪು ಹುಣ್ಣು.

'ಇದು ಬಂದು ಹೋಗೋ ಕಾಯಿಲೆ ಅಲ್ಲಮ್ಮ. ಬಿಪಿ, ಶುಗರ್ ತರ ಜೊತೇಲಿ ಇಟ್ಕೊಂಡು ಬಾಳ್ಬೇಕು. ಮಾತ್ರೆ ತಪ್ಪಿಸಬಾರದು' ಎಂದರು.

'ಎಷ್ಟು ದಿನ ಸಾರ್?' ಎಂದು ಕೇಳಿದೆ.

'ದಿನ ಲೆಕ್ಕ ಹಾಕ್ಬೇಡಿ' ಎಂದರು. ಅವರು ಸಮಾಧಾನಕ್ಕೆ ಹೇಳಿದ್ದು, ನನಗೆ ಸಾಯುವವರೆಗೂ ಎಂದು ಕೇಳಿಸಿತು.

ಆಸ್ಪತ್ರೆಯಿಂದ ಮನೆಗೆ ಬಂದ ದಿನ ಹುಳುಮನೆಯಿಂದ ನಾತ ಬರುತ್ತಿತ್ತು. ಗಂಡ, ಅತ್ತೆ ಮಂಕರಿಗಳಲ್ಲಿ ಹುಳು ತುಂಬಿ ತಂದು ಹೊಲದಂಚಿನ ಗುಂಡಿಗೆ ಸುರಿಯುತ್ತಿದ್ದರು. ಸಪ್ಪೆ ರೋಗ. ಮೇವು ಬಿಟ್ಟು, ಮೆತ್ತಗಾಗಿ, ನೀರು ನೀರಾಗಿ ಭೇದಿ ಮಾಡಿಕೊಂಡು ಸಾಯುವ ರೋಗ ಅದು. ನಾನು ಗುಂಡಿಯ ಹತ್ತಿರ ಹೋಗಿ ನಿಂತೆ. ಅತ್ತೆ ಸುಣ್ಣ ಎರಚುತ್ತ, 'ಯಾವ ಮೈಲಿಗೆ ತಗುಲ್ತೋ ನನ್ನ ಹುಳಕ್ಕೆ!' ಎಂದು ಗೋಳಾಡಿದರು.

ಅವರು ನನ್ನ ಕಡೆ ನೋಡಲೂ ಇಲ್ಲ. ಆದರೂ ನನಗೆ ಗೊತ್ತಾಯಿತು. ಗೊತ್ತಾಯಿತು ಎಂದು ನಾನು ಅಂದುಕೊಂಡೆ. ನನ್ನ ಹೊಟ್ಟೆಯಲ್ಲಿ ಏನಿತ್ತೋ ಅದೇ ಈ ಹುಳುಗಳ ಹೊಟ್ಟೆಗೂ ಹೋಗಿತ್ತು. ಅದೇ ಭೇದಿ, ಅದೇ ಸುಸ್ತು, ಅದೇ ಮೇವು ಬೇಡವಾಗುವುದು. ಅಷ್ಟೂ ದಿನ ಅವಕ್ಕೆ ಸೊಪ್ಪು ಹಾಕಿದ್ದು ಈ ಕೈ. ಊರಿನಲ್ಲಿ ಬೇರೆ ಯಾವ ಹೆಂಗಸಾದರೂ ಹೀಗೆ ಯೋಚಿಸುತ್ತಾಳೋ ಇಲ್ಲವೋ, ಹುಳು ಸಾಕುವ ಹೆಂಗಸಿಗೆ ಮಾತ್ರ ಇದು ಸಟ್ಟನೆ ಹೊಳೆಯುತ್ತದೆ. ಒಂದರಿಂದ ಇನ್ನೊಂದಕ್ಕೆ ರೋಗ ಅಂಟದ ಹಾಗೆ ಕಾಯುವುದೇ ನಮ್ಮ ಕಸುಬು ತಾನೆ.

ಅವತ್ತು ಸಂಜೆ ಚೈತ್ರ ತಟ್ಟೆ ಹಿಡಿದುಕೊಂಡು ಬಂದಳು. 'ಅಮ್ಮ, ಕೈತುತ್ತು ಹಾಕು' ಎಂದಳು. ಅವಳಿಗೆ ಆಗ ಆರು ತುಂಬಿತ್ತು. ಎಷ್ಟು ದೊಡ್ಡವಳಾದರೂ ರಾತ್ರಿ ಊಟಕ್ಕೆ ನಾನು ಅನ್ನ ಸಾರು ಕಲಸಿ ಕೈಗೆ ತುತ್ತು ಇಡಬೇಕು. ನಾನು ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು, 'ಅಜ್ಜಿ ಹತ್ರ ಹೋಗು' ಎಂದೆ. ಅವಳು ತಟ್ಟೆ ಹಿಡಿದುಕೊಂಡೇ ಅಜ್ಜಿಯ ಹತ್ತಿರ ಹೋದಳು.

ಆಮೇಲೆ ಶುರುವಾಯಿತು ನೋಡಿ ತೊಳೆಯುವುದು. ಸೋಪಿನಿಂದ ಒಂದು ಸಲ, ಸಮಾಧಾನವಾಗದೆ ಇನ್ನೊಂದು ಸಲ, ಅದೂ ಸಾಲದೆ ಹುಳುಮನೆ ಬಾಗಿಲಿಗೆ ಹೋಗಿ ಬ್ಲೀಚಿಂಗ್ ನೀರಿನಲ್ಲಿ. ಒಳಗೆ ಮಾತ್ರ ಕಾಲಿಡುತ್ತಿರಲಿಲ್ಲ. ನನ್ನ ತಟ್ಟೆ, ಲೋಟ ಬೇರೆ ಮಾಡಿಕೊಂಡೆ. ಮಗಳಿಗೆ ಜಡೆ ಹಾಕುವುದನ್ನೂ ಅತ್ತೆಗೆ ಬಿಟ್ಟೆ. ಅವರು ಎಳೆದು ಹಾಕುತ್ತಾರೆಂದು ಅವಳು ಅಳುವಳು, ನಾನು ಒಳಗೆ ಕೂತು ಕೇಳಿಸಿಕೊಳ್ಳುವೆ. ಮನೆಯವರೆಲ್ಲ ಸುಸ್ತಿಗೆ ಹೀಗಾಡುತ್ತಿದ್ದಾಳೆ ಎಂದುಕೊಂಡರು. 'ರೆಸ್ಟ್ ತಗೋ' ಎಂದು ಗಂಡ, 'ಪಾಪ, ಮಲಕ್ಕೊಳ್ಳಲಿ' ಎಂದು ಅತ್ತೆ. ಹುಳು ಸತ್ತದ್ದರ ಬಗ್ಗೆ ಯಾರೂ ಏನೂ ಅನ್ನದೆ ಇದ್ದುದೇ ನನಗೆ ಇನ್ನೂ ಹೆದರಿಕೆ. ಎಲ್ಲರಿಗೂ ಗೊತ್ತಿದೆ, ನನ್ನ ಮುಖ ನೋಡಿ ಬಾಯಿ ಮುಚ್ಚಿಕೊಂಡಿದ್ದಾರೆ ಎಂದುಕೊಳ್ಳುತ್ತಿದ್ದೆ.

ಡಾಕ್ಟರು ಕೊಟ್ಟ ಮಾತ್ರೆಗೆ ಮುಖ ಊದಿಕೊಂಡಿತು. 'ಈಗ ಪರವಾಗಿಲ್ಲ, ಮೈ ಕೈ ತುಂಬ್ಕೊಂಡಿದ್ದೀಯ' ಎಂದು ರತ್ನಮ್ಮ ಸಂತೋಷಪಟ್ಟಳು. ಹೊಟ್ಟೆ ಸುಮ್ಮನಾಗುತ್ತ ಬಂತು, ನಿಜ. ತಲೆ ಸುಮ್ಮನಾಗಲಿಲ್ಲ. ಬಸ್ಸು ಹತ್ತಬೇಕೆಂದರೆ ಹಿಂದಿನ ದಿನದಿಂದಲೇ ಊಟ ಬಿಡುತ್ತಿದ್ದೆ. ಮುಳಬಾಗಿಲಿನಿಂದ ಕೋಲಾರದವರೆಗೆ ಯಾವ ಪೆಟ್ರೋಲ್ ಬಂಕಿನಲ್ಲಿ ಕಕ್ಕಸು ಉಂಟು, ಯಾವುದಕ್ಕೆ ಬೀಗ, ಯಾವ ಹೋಟೆಲಿನವನು ಕಾಫಿ ಕುಡಿಯದಿದ್ದರೆ ಗುರ್ರೆನ್ನುತ್ತಾನೆ, ಎಲ್ಲ ನನಗೆ ಬಾಯಿಪಾಠ. ತವರಿನಲ್ಲಿ ಮಾವಿನ ಸುಗ್ಗಿ ಬಂದು ಹೋಯಿತು, ನಾನು ಹೋಗಲಿಲ್ಲ. ಅಲ್ಲಿ ಮಕ್ಕಳೆಲ್ಲ ಹಣ್ಣು ಹೆಚ್ಚಿಕೊಡು ಎಂದು ಮುತ್ತಿಕೊಳ್ಳುತ್ತಾರೆ, ಈ ಕೈಯಲ್ಲಿ ಹೇಗೆ ಕೊಡಲಿ ಎಂದು.

ಕೋಲಾರದ ಆ ಆಸ್ಪತ್ರೆಯಲ್ಲಿ ಕಾಯುವ ಕಡೆ ಸಾಲಾಗಿ ಕುರ್ಚಿಗಳು. ಕಕ್ಕಸಿನ ಬಾಗಿಲಿಗೆ ಹತ್ತಿರದ ಕುರ್ಚಿ ನನ್ನದು ಎಂದು ನಾನೇ ತೀರ್ಮಾನ ಮಾಡಿಕೊಂಡಿದ್ದೆ. ಒಂದು ಸಲ ಹೋದರೆ ಅಲ್ಲಿ ಒಬ್ಬ ಹಿರಿಯರು ಕೂತಿದ್ದಾರೆ. ಬಿಳಿ ಪಂಚೆ, ತೊಡೆಯ ಮೇಲೆ ಒಂದು ಬಟ್ಟೆ ಚೀಲ. ಪಕ್ಕದಲ್ಲಿ ಕೂತು ಚಡಪಡಿಸಿದೆ. ಅವರು ನನ್ನನ್ನು ನೋಡಿ, ನನ್ನ ಚೀಲ ನೋಡಿ, ಮೆಲ್ಲಗೆ ಕೇಳಿದರು.

'ಕರುಳಾ?'

'ಹೂಂ' ಎಂದೆ.

'ನಂದೂ ಅದೇ ಕಣಮ್ಮ. ಈ ಕುರ್ಚಿ ಬೇಕಾ? ನಂಗೆ ಈಗ್ತಾನೇ ಆಯ್ತು, ಇನ್ನು ಸ್ವಲ್ಪ ಹೊತ್ತು ಭಯ ಇಲ್ಲ' ಎಂದು ಎದ್ದು ನನಗೆ ಬಿಟ್ಟುಕೊಟ್ಟರು. ಟೇಕಲ್ ಕಡೆಯವರಂತೆ. ಎಲ್ಲಿಗೆ ಹೋಗುವುದಿದ್ದರೂ ಬಸ್ಸು ಹತ್ತುವುದಿಲ್ಲವಂತೆ, ರೈಲು ಹೋಗುವ ಕಡೆಗೆ ಮಾತ್ರ ಹೋಗುವುದಂತೆ. 'ರೈಲಲ್ಲಾದ್ರೆ ಕಕ್ಕಸು ನಮ್ ಜೊತೇಲೇ ಬರುತ್ತೆ. ಇವತ್ತು ಇಲ್ಲಿಗೆ ಬರೋಕೆ ಮಗ ಕಾರು ತಂದ. ದಾರೀಲಿ ಮೂರು ಕಡೆ ನಿಲ್ಲಿಸಿದ, ಒಂದು ಮಾತೂ ಆಡಲಿಲ್ಲ ಪಾಪ' ಎಂದರು. ಚೀಲದಲ್ಲಿ ಇನ್ನೊಂದು ಪಂಚೆ ಇತ್ತು. ನನ್ನ ಚೀಲದಲ್ಲಿ ಇನ್ನೊಂದು ಸೀರೆ. ನಾವಿಬ್ಬರೂ ನಕ್ಕೆವು. ಕಾಯಿಲೆ ಬಂದ ಮೇಲೆ ನಾನು ಮನಸಾರೆ ನಕ್ಕದ್ದು ಅದೇ ಮೊದಲು. 'ಇದು ಅಂಟುತ್ತಾ?' ಎಂದು ಅವರನ್ನು ಕೇಳಬೇಕೆನಿಸಿತು. ಅಷ್ಟರಲ್ಲಿ ಅವರ ಹೆಸರು ಕೂಗಿದರು.

ಒಳಗೆ ರಕ್ತ ತೆಗೆಯಲು ಬಂದ ಸಿಸ್ಟರ್ ನನ್ನ ಕೈ ತಿರುಗಿಸಿ ನೋಡಿ ನಿಂತುಬಿಟ್ಟರು. ಬೆರಳ ಸಂದುಗಳೆಲ್ಲ ಸೀಳಿ, ಚರ್ಮ ಸುಲಿದು, ಕೆಲವು ಕಡೆ ರಕ್ತ ಒಣಗಿತ್ತು.

'ಏನಕ್ಕಾ ಇದು? ಯಾವುದಾದ್ರೂ ಫ್ಯಾಕ್ಟರಿ ಕೆಲಸನಾ?'

'ಬ್ಲೀಚಿಂಗ್ ನೀರು.'

'ದಿನಕ್ಕೆ ಎಷ್ಟು ಸಲ?'

ನಾನು ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡೆ. ಆಕೆ ಡಾಕ್ಟರಿಗೆ ಹೇಳಿದರು. ಡಾಕ್ಟರು ಕರುಳಿನ ರಿಪೋರ್ಟು ನೋಡಿ, ಕೈ ನೋಡಿ, ಕನ್ನಡಕ ತೆಗೆದಿಟ್ಟರು. 'ಹೊಟ್ಟೆ ಸುಧಾರಿಸ್ತಾ ಇದೆಯಮ್ಮ. ಇನ್ನೇನೋ ನಿಮ್ಮನ್ನ ತಿನ್ತಾ ಇದೆ. ಈ ಕಾಯಿಲೆ ಇರೋರಿಗೆ ಮನಸ್ಸಿಗೂ ಪೆಟ್ಟು ಬೀಳೋದು ನಾನು ಎಷ್ಟೋ ನೋಡಿದ್ದೀನಿ. ಮನಸ್ಸಿನ ಡಾಕ್ಟ್ರಿಗೆ ಬರ್ಕೊಡ್ತೀನಿ, ಒಂದ್ಸಲ ಹೋಗಿ' ಎಂದರು.

ಮನೆಯಲ್ಲಿ ಇದನ್ನು ಹೇಳಿದ್ದಕ್ಕೆ ಅತ್ತೆ ಎದೆ ಎದೆ ಬಡಿದುಕೊಂಡರು. 'ಹುಚ್ಚರ ಡಾಕ್ಟ್ರ ಹತ್ರನಾ? ನಾಳೆ ಚೈತ್ರಂಗೆ ಗಂಡು ಹುಡುಕೋವಾಗ ಏನ್ ಹೇಳೋದು?' ಆರು ವರ್ಷದ ಹುಡುಗಿಗೆ ಗಂಡು! ಗಂಡ ಎಂದೂ ಅಮ್ಮನಿಗೆ ಎದುರಾಡಿದವರಲ್ಲ. ಅವತ್ತು ಮಾತ್ರ, 'ಅವಳ ಕೈ ನೋಡಮ್ಮ ಮೊದ್ಲು' ಎಂದರು. ಅತ್ತೆ ನೋಡಿದರು. ಹುಳಕ್ಕೆ ಆಗೋ ಕೈ ಎಂದು ಹಿಡಿದಿದ್ದ ಅದೇ ಕೈ. ಕೊಬ್ಬರಿ ಎಣ್ಣೆ ತಂದು ಹಚ್ಚಲು ಬಂದರು. ನಾನು ಎಳೆದುಕೊಂಡೆ, ಅವರಿಗೂ ಅಂಟುತ್ತದಲ್ಲ ಎಂದು.

ಮನಸ್ಸಿನ ಡಾಕ್ಟರ ಕೋಣೆಯಲ್ಲಿ ನಾನೂ ಗಂಡನೂ ಪಕ್ಕ ಪಕ್ಕ ಕೂತೆವು. ಅವರು ನಿದ್ದೆಯ ಬಗ್ಗೆ ಕೇಳಿದರು, ಊಟದ ಬಗ್ಗೆ ಕೇಳಿದರು. ಆಮೇಲೆ ಸುಮ್ಮನೆ, ಊರ ಸುದ್ದಿ ಕೇಳುವವರ ಹಾಗೆ, 'ಹುಳ ಸಾಕ್ತೀರಂತೆ. ಈಗ ಒಳಗೆ ಹೋಗೋದೇ ಇಲ್ಲ ಅಂತಾರೆ ನಿಮ್ಮ ಮನೆಯವರು, ಯಾಕೆ?' ಎಂದರು. ಯಾರೂ ಕೇಳದಿದ್ದ ಪ್ರಶ್ನೆ ಅದು. ಕೊನೆಗೂ ಹೇಳಿದೆ, 'ನನ್ನ ರೋಗ ಹುಳಕ್ಕೆ ಅಂಟಿತು ಸಾರ್. ಎಲ್ಲ ಸತ್ತುಹೋದವು. ನಾಳೆ ನನ್ನ ಮಗಳಿಗೂ ಅಂಟುತ್ತೆ.'

ಗಂಡ ಕುರ್ಚಿಯಿಂದ ಅರ್ಧ ಎದ್ದರು. 'ಏನೇ ಇದು! ಯಾರು ಹೇಳಿದ್ದು ನಿಂಗೆ?' ಎಂದವರು ಡಾಕ್ಟರ ಕಡೆ ತಿರುಗಿದರು. 'ಅವತ್ತು ಮಳೆ ಹಿಡ್ಕೊಂಡಿತ್ತು ಸಾರ್. ಇವಳು ಆಸ್ಪತ್ರೇಲಿ. ನಾನೂ ಅಮ್ಮನೂ ಒದ್ದೆ ಸೊಪ್ಪೇ ಹಾಕಿಬಿಟ್ವಿ, ಆರಿಸೋಕೆ ಪುರುಸೊತ್ತಿರಲಿಲ್ಲ. ಅದಕ್ಕೇ ಬಂದಿದ್ದು ಸಪ್ಪೆ ರೋಗ. ರೇಷ್ಮೆ ಇಲಾಖೆಯವರು ಬಂದು ಬೈದೂ ಹೋದ್ರು!'

ನನಗೆ ಸಮಾಧಾನವಾಗಬೇಕಿತ್ತು. ಆದದ್ದು ಸಿಟ್ಟು, ಎಂಥ ಸಿಟ್ಟು ಅಂತೀರಿ! 'ನಂಗ್ಯಾಕೆ ಹೇಳ್ಲಿಲ್ಲ?' ಎಂದು ಅಲ್ಲೇ ಕಿರುಚಿದೆ.

'ನೀನು ಕೇಳ್ಲಿಲ್ಲವಲ್ಲೇ! ಆಸ್ಪತ್ರೆಯಿಂದ ಬಂದೋಳಿಗೆ ಹುಳದ ಗೋಳು ಯಾಕೆ ಅಂತ...'

ಬಸ್ಸಿನಲ್ಲಿ ಮುಳಬಾಗಿಲಿನವರೆಗೂ ನಾನು ಅವರ ಜೊತೆ ಮಾತಾಡಲಿಲ್ಲ. ದಾರಿಯ ಬಂಕುಗಳನ್ನು ನೋಡುವುದೂ ಮರೆತುಹೋಗಿತ್ತು, ಇಳಿದ ಮೇಲೆ ಅದು ಗಮನಕ್ಕೆ ಬಂತು. ಮನೆಗೆ ಹೋದವಳೇ ಅತ್ತೆಯನ್ನು ಹಿಡಿದುಕೊಂಡೆ. 'ಮೈಲಿಗೆ ಅಂದಿದ್ದು ನನ್ನನ್ನೇ ತಾನೆ?' ಅತ್ತೆ ಕಣ್ಣು ಕಣ್ಣು ಬಿಟ್ಟರು. 'ಅಯ್ಯೋ ನಿನ್ನ! ಹಸು ನೋಡೋಕೆ ಬಂದ ದಲ್ಲಾಳಿ ಚಪ್ಪಲಿ ಹಾಕ್ಕೊಂಡು ಹುಳುಮನೆ ಒಳಗೆ ನುಗ್ಗಿದ್ನಲ್ಲ, ಅವನನ್ನ ಅಂದಿದ್ದು ಕಣೇ' ಎಂದರು. ಆಮೇಲೆ, 'ಒದ್ದೆ ಸೊಪ್ಪು ಹಾಕಿದ್ದು ನಾನೇ. ಒಪ್ಕೊಳ್ಳೋಕೆ ಮನಸ್ಸಾಗ್ಲಿಲ್ಲ, ಬಾಯಿಗೆ ಬಂದಿದ್ದು ಅಂದೆ' ಎಂದು ಸೆರಗಿನಿಂದ ಮೂಗು ಒರೆಸಿಕೊಂಡರು.

ಇಲ್ಲಿಗೆ ಎಲ್ಲ ಸರಿಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಗೊತ್ತಾಗುವುದು ಬೇರೆ, ನಂಬುವುದು ಬೇರೆ. ಅಂಟುವ ಕಾಯಿಲೆ ಅಲ್ಲ ಎಂದು ಡಾಕ್ಟರು ಎಷ್ಟು ಸಲ ಹೇಳಿದರೂ ಕೈ ತಾನಾಗಿ ನಲ್ಲಿಯ ಕಡೆ ಹೋಗುತ್ತಿತ್ತು. ಅವರು ಮಾತ್ರೆ ಕೊಟ್ಟರು, ಜೊತೆಗೆ ಒಂದು ಕೆಲಸವನ್ನೂ ಕೊಟ್ಟರು. ಹಿತ್ತಲಿಗೆ ಹೋಗಿ ಬಂದರೆ ಸೋಪು ಹಾಕಿ ಒಂದೇ ಸಲ ತೊಳೆಯಬೇಕು. ಇನ್ನೊಂದು ಸಲ ತೊಳೆಯಬೇಕೆಂದು ಎಷ್ಟೇ ಅನ್ನಿಸಿದರೂ ಸುಮ್ಮನೆ ನಿಲ್ಲಬೇಕು, ಭಯ ತಾನಾಗಿ ಇಳಿಯುವವರೆಗೆ. ಕೇಳಲು ಸುಲಭ. ನಿಂತು ನೋಡಿ. ಮೈ ಬೆವರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಮಗಳ ಮುಖ ಕಣ್ಣೆದುರು ಬರುತ್ತದೆ. ಎಷ್ಟೋ ಸಲ ಸೋತು ನಲ್ಲಿ ತಿರುಗಿಸಿದೆ. ನಡುವೆ ಒಮ್ಮೆ ಮತ್ತೆ ರಕ್ತ ಕಂಡಿತು, ಮಾತ್ರೆ ಹೆಚ್ಚಿಸಿದರು. ಆಗ ಹಳೆಯ ಭಯವೆಲ್ಲ ವಾಪಸ್ ಬಂತು. ಮತ್ತೆ ಮೊದಲಿನಿಂದ ಶುರು ಮಾಡಿದೆ. ಚೈತ್ರ ಕೈತುತ್ತು ಕೇಳುವುದನ್ನೇ ಬಿಟ್ಟಿದ್ದಳು, ಅದು ನನಗೆ ಕಾಯಿಲೆಗಿಂತ ಹೆಚ್ಚು ಸಂಕಟ ಕೊಡುತ್ತಿತ್ತು.

ಈ ಸಲದ ಹುಳು ಹಣ್ಣಾದದ್ದು ಒಂದು ಭಾನುವಾರ. ಹಣ್ಣಾದ ಹುಳು ಮೇವು ಬಿಟ್ಟು, ಮೈ ಹಳದಿಗೆ ತಿರುಗಿ, ತಲೆ ಎತ್ತಿ ಗೂಡು ಕಟ್ಟಲು ಜಾಗ ಹುಡುಕುತ್ತದೆ. ಆಗ ತಡ ಮಾಡುವಂತಿಲ್ಲ, ಒಂದೊಂದನ್ನೇ ಕೈಯಲ್ಲಿ ಆರಿಸಿ, ಗೂಡು ಕಟ್ಟಲೆಂದು ಇಟ್ಟ ಬಿದಿರಿನ ಚಂದ್ರಿಕೆಯ ಮೇಲೆ ಬಿಡಬೇಕು. ಹೇಳಿದ್ದ ಕೂಲಿಯವರು ಟೊಮೇಟೊ ಬಿಡಿಸಲು ಹೋಗಿಬಿಟ್ಟಿದ್ದರು. ಒಳಗಿನಿಂದ ಅತ್ತೆಯ ಕೂಗು ಕೇಳಿತು. 'ಮಂಜುಳಾ! ಹುಳ ಎಲ್ಲ ಗೋಡೆ ಹತ್ತುತಾ ಅವೆ, ಬಾರೇ!'

ನಾನು ಬಾಗಿಲಿಗೆ ಹೋದೆ. ಬೋಗುಣಿಯಲ್ಲಿ ಕೈ ಅದ್ದಿದೆ, ಒಂದು ಸಲ. ಕಾಲು ತೊಳೆದೆ. ಇನ್ನೊಂದು ಸಲ ಅದ್ದು, ಇನ್ನೊಂದೇ ಸಲ ಎಂದು ತಲೆ ಹೇಳುತ್ತಿತ್ತು. ಹೊಸಿಲಿನ ಹೊರಗೆ ಬಹಳ ಹೊತ್ತು ನಿಂತೆ. ಅತ್ತೆ ಬಂದು ಕರೆಯಲಿಲ್ಲ, ಕೈ ಹಿಡಿದು ಎಳೆಯಲೂ ಇಲ್ಲ. ಅವರಿಗೆ ಪುರುಸೊತ್ತೇ ಇರಲಿಲ್ಲ. ನಾನಾಗಿಯೇ ಒಳಗೆ ಕಾಲಿಟ್ಟೆ.

ಮೊದಲನೆಯ ಹುಳು ಎತ್ತಿ ಅಂಗೈ ಮೇಲೆ ಇಟ್ಟುಕೊಂಡೆ. ತಣ್ಣಗಿತ್ತು. ಅದು ನನ್ನ ಅಂಗೈ ಮೇಲೆಯೇ ಒದ್ದೆ ಮಾಡಿತು. ನನಗೆ ಜೀವ ಹಾರಿಹೋಯಿತು. 'ಅತ್ತೇ, ಇದಕ್ಕೂ...' ಎಂದು ಕೂಗಿದೆ.

ಅತ್ತೆ ತಿರುಗಿ ನೋಡಿ ಗದರಿದರು. 'ಏನು ಇವತ್ತು ಹೊಸದಾಗಿ ನೋಡೋ ಹಾಗೆ ಆಡ್ತೀಯ! ಹಣ್ಣು ಹುಳ ಹೊಟ್ಟೆ ಖಾಲಿ ಮಾಡ್ಕೊಂಡೇ ಗೂಡು ಕಟ್ಟೋದಲ್ವೇನೇ? ಬೇಗ ಬೇಗ ಆರ್ಸು.'

ಹೌದಲ್ಲ. ಇಷ್ಟು ವರ್ಷ ಹುಳು ಸಾಕಿದವಳು ನಾನು, ಭಯದಲ್ಲಿ ಅದನ್ನೂ ಮರೆತಿದ್ದೆ. ಹುಳುವನ್ನು ಚಂದ್ರಿಕೆಗೆ ಬಿಟ್ಟು ಇನ್ನೊಂದು ಎತ್ತಿದೆ. ಹಾಗೇ ಎತ್ತುತ್ತ ಹೋದೆ. ನಡುವೆ ಹೊಟ್ಟೆ ತಿರುಚಿತು, ಬಿಟ್ಟು ಓಡಿದೆ. ಬಂದು, ಸೀರೆ ಬದಲಾಯಿಸಿ, ಸೋಪು ಹಾಕಿ ಒಂದು ಸಲ ತೊಳೆದು, ಬೋಗುಣಿಯಲ್ಲಿ ಅದ್ದಿ ಮತ್ತೆ ಒಳಗೆ ಹೋದೆ.

ಕೆಲಸ ಮುಗಿಯುವ ಹೊತ್ತಿಗೆ ಊಟದ ಹೊತ್ತು ಮೀರಿತ್ತು. ಅತ್ತೆ ದೊಡ್ಡ ಬೇಸಿನ್ನಿನಲ್ಲಿ ಅನ್ನ, ಹುಳಿಸೊಪ್ಪಿನ ಸಾರು ತಂದು ನನ್ನ ಮುಂದೆ ಇಟ್ಟರು. 'ನನ್ನ ಸೊಂಟ ಬಿದ್ದೋಯ್ತು. ನೀನೇ ಕಲ್ಸಿ ಹಾಕು' ಎಂದು ಗೋಡೆಗೆ ಒರಗಿದರು. ನಾನು ಅವರ ಮುಖ ನೋಡಿದೆ. ಅವರು ಕಣ್ಣು ಮುಚ್ಚಿಕೊಂಡಿದ್ದರು. ಗಂಡ ಕೈ ಚಾಚಿ ಕೂತರು. ಚೈತ್ರ ಬಾಗಿಲ ಹತ್ತಿರವೇ ನಿಂತಿದ್ದಳು, ತನ್ನ ತಟ್ಟೆ ಎದೆಗೆ ಒತ್ತಿಕೊಂಡು.

ಎದ್ದು ಹೋಗಿ ಸೋಪು ಹಾಕಿ ಕೈ ತೊಳೆದು ಬಂದೆ. ಇನ್ನೊಂದು ಸಲ ತೊಳೆಯಬೇಕೆನಿಸಿತು. ತೊಳೆಯಲಿಲ್ಲ. ಕಲಸಿದೆ.

'ಬಾ' ಎಂದೆ.

ಅವಳು ತಟ್ಟೆಯನ್ನು ಅಲ್ಲೇ ನೆಲದ ಮೇಲಿಟ್ಟು ಬಂದು ನನ್ನ ಮುಂದೆ ಕೂತು, ಕೈ ಚಾಚದೆ, ನೇರವಾಗಿ ಬಾಯಿಯನ್ನೇ ತೆರೆದಳು. ತುತ್ತು ಇಟ್ಟೆ. ಅವಳು ಅಗಿಯುವವರೆಗೂ, ನುಂಗುವವರೆಗೂ ನಾನು ಉಸಿರು ಬಿಡಲಿಲ್ಲ.

'ಉಪ್ಪು ಕಮ್ಮಿ' ಎಂದಳು. ಎಂದವಳು ಇನ್ನೊಂದು ತುತ್ತಿಗೆ ಬಾಯಿ ತೆರೆದುಕೊಂಡು ಕಾಯುತ್ತ ಕೂತಳು.